ಅಳಿಯಕಟ್ಟಿನ ರೋಗ

ಅಪ್ಪ,

ನೀವು ಸತ್ತು ಹನ್ನೊಂದು ವರ್ಷವಾದರೂ ಸಿಟ್ಟು ನಿಮ್ಮ ಮೇಲೆಯೇ. ಇವತ್ತು ಮಣಿಪಾಲದ ಡಾಕ್ಟರು ಅಣ್ಣನ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ನಿಲ್ಲಿಸಿದರು. ರಕ್ತದಲ್ಲಿ ಪಿಎಸ್‌ಎ ಏರಿದೆ, ಪ್ರಾಸ್ಟೇಟ್ ಬಯಾಪ್ಸಿ ಆಗಬೇಕು. ಒಳಗೆ ಕ್ಯಾನ್ಸರ್ ಇದ್ದರೆ ಆ ಇಂಜೆಕ್ಷನ್ ಅದನ್ನು ಬೆಳೆಸುತ್ತದಂತೆ.

"ಮನೆಯಲ್ಲಿ ಯಾರಿಗಾದರೂ ಪ್ರಾಸ್ಟೇಟ್ ಕ್ಯಾನ್ಸರ್ ಇತ್ತಾ?"

ಅಣ್ಣ ಸೋದರಮಾವಂದಿರನ್ನು ಎಣಿಸಿ, "ಇಲ್ಲ ಡಾಕ್ಟ್ರೇ, ಎಲ್ಲ ಗಟ್ಟಿ ಜನ" ಎಂದ.

"ಅಪ್ಪನಿಗೆ ಇತ್ತು" ಎಂದೆ.

"ಅಪ್ಪನಿಗೆ ಮೂತ್ರದ ಕಲ್ಲು ಅಲ್ವಾ, ಕುಶಲಾ?"

ನನ್ನಿಂದ ಕಲ್ಲೆಂದು ಹೇಳಿಸಿದ್ದು ನೀವು. ಹೆಜಮಾಡಿಯಲ್ಲಿ ನಿಮ್ಮ ಅಕ್ಕನ ಮನೆಯಲ್ಲಿ ಮಲಗಿಕೊಂಡು, "ನಮ್ಮದು ಅಳಿಯಕಟ್ಟು. ಮಕ್ಕಳು ತಾಯಿಯ ಕುಟುಂಬದವರು, ನನ್ನ ರೋಗ ನಿಮಗೆ ಬರುವುದಿಲ್ಲ. ಯಾರಿಗೂ ಹೇಳಬೇಡ" ಎಂದಿರಿ. ಎಂಥ ಮೂರ್ಖ ಮಾತು. ಆಸ್ತಿಗೆ ಮಾಡಿದ ಕಟ್ಟು ರಕ್ತಕ್ಕೆ ಉಂಟಾ?

ಹೊರಗೆ ಬಂದ ಮೇಲೆ ಅಣ್ಣ ನಿಮ್ಮ ಬಗ್ಗೆ ಏನೂ ಕೇಳಲಿಲ್ಲ. "ಎಂಟು ತಿಂಗಳು ಇಂಜೆಕ್ಷನ್‌ಗೆ ನನ್ನ ಜೊತೆ ಬಂದದ್ದು ನೀನೇ ಅಲ್ವಾ?" ಎಂದು ಮಾತ್ರ ಕೇಳಿದ.