ಅತಿಥಿಗಳಾಗಿ ಉಂಡು ಅಧಿಕಾರಿಗಳಾಗಿ ಬರೆದವರಿಗೆ

ಜಿಲ್ಲಾ ಸಮಾಜ ರಕ್ಷಣಾ ಕಚೇರಿಯ ಮುಖ್ಯಸ್ಥರಿಗೆ, ಪತ್ರಿಕೆಯ ಮೂಲಕ ಒಂದು ಬಹಿರಂಗ ಪತ್ರ,

ಮಾನ್ಯರೇ, ನಿಮ್ಮ ಕಚೇರಿಯ ಮೂವರು ನಮ್ಮ ಮನೆಯಲ್ಲಿ ಕುರಿಮಾಂಸ ಉಂಡು ಹೋಗಿ, ಈ ಮನೆಯಲ್ಲಿ ಕುರಿಮಾಂಸವಿದೆ, ಆದ್ದರಿಂದ ಇವರು ಬಡವರಲ್ಲ ಎಂದು ವರದಿ ಬರೆದಿದ್ದಾರೆ. ನನ್ನ ಇಬ್ಬರು ಪುಟ್ಟ ತಂಗಿಯರಿಗೆ ಬರುತ್ತಿದ್ದ ಮಕ್ಕಳ ಭತ್ಯೆ ನಿಂತಿದೆ. ಈ ತಿಂಗಳ ಇಪ್ಪತ್ತೊಂದಕ್ಕೆ ನಮ್ಮಮ್ಮ ದುಡಿಯಲು ರಷ್ಯಾದ ಕಜಾನ್ ನಗರದ ಹೊಲಿಗೆ ಕಾರ್ಖಾನೆಗೆ ಬಸ್ಸು ಹತ್ತುತ್ತಾಳೆ. ಕಿರಿಯವಳಾದ ಸೆಜಿಮ್‌ಗೆ ಎರಡೂವರೆ ವರ್ಷ. ನಾನು ರಾಜಧಾನಿ ಬಿಷ್ಕೆಕ್‌ನಲ್ಲಿ ಫಸ್ಟ್ ಇಯರ್ ವಿದ್ಯಾರ್ಥಿನಿ, ಏಳನೇ ವಯಸ್ಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು. ದೊಡ್ಡವರಿಗೆ ಹೇಗೆ ಬರೆಯಬೇಕೆಂದು ನನಗೆ ಸರಿಯಾಗಿ ಗೊತ್ತಿಲ್ಲ. ಈ ಪತ್ರವನ್ನು ನಾಲ್ಕು ಸಲ ಡಿಲೀಟ್ ಮಾಡಿದ್ದೇನೆ. ತಪ್ಪಿದ್ದರೆ ಕ್ಷಮಿಸಿ. ಆದರೆ ಎಲ್ಲವೂ ನನ್ನದೇ ತಪ್ಪು ಎಂದುಕೊಳ್ಳುವ ಅಭ್ಯಾಸವನ್ನು ಈ ಪತ್ರದ ಮಟ್ಟಿಗೆ ಬಿಟ್ಟಿದ್ದೇನೆ.

ನಡೆದದ್ದು ಇಷ್ಟು. ನಾನು ರಜೆಗೆ ಊರಿಗೆ ಬಂದಿದ್ದಾಗ ನಿಮ್ಮ ಕಚೇರಿಯಿಂದ ಫೋನು ಬಂತು: "ನಾಳೆ ಮಧ್ಯಾಹ್ನ ನಿಮ್ಮನೆಗೆ ಬರ್ತೀವಿ, ಮೂರು ಜನ." ನಮ್ಮಜ್ಜಿ ಜೂರಾಕಾನ್ ಕೇಳಿಸಿಕೊಂಡದ್ದು ಕೊನೆಯ ಎರಡು ಪದ ಮಾತ್ರ.

"ಮೂರು ಜನಾನಾ? ಬರೀ ಚಹಾ ಕುಡಿಸಿ ಕಳಿಸಿದ್ರೆ ಊರಲ್ಲಿ ಹೆಂಗೆ ತಲೆ ಎತ್ತಲಿ?"

"ಅಜ್ಜಿ, ಅವ್ರು ಗೆಸ್ಟ್ ಅಲ್ಲ. ಕಮಿಷನ್ನು. ನಾವು ಬಡವರು ಹೌದೋ ಅಲ್ವೋ ನೋಡೋಕೆ ಬರ್ತಿರೋದು."

"ಕಮಿಷನ್ನಿಗೆ ಹೊಟ್ಟೆ ಇರಲ್ವೇನೇ? ಪಟ್ಟಣದಲ್ಲಿ ಇದನ್ನೇ ಕಲಿಸಿದ್ರಾ ನಿಂಗೆ?"

ಪಕ್ಕದ ಮನೆಯ ಬಾತ್ಮಾ ಚಿಕ್ಕಮ್ಮ ಬೇಯಿಸಿದ ಕುರಿತೊಡೆ ತಂದರು. ಜೇನುತುಪ್ಪ ಊರ ಶಾಲೆಯ ಮೇಡಂ ಮನೆಯಿಂದ ಬಂತು. ಅತಿಥಿಗಳ ಕಣ್ಣಿಗೆ ತುಂಬಿದ ಮನೆಯಾಗಿ ಕಾಣಲೆಂದು ಗೋಡೆಯುದ್ದ ಪೇರಿಸಿದ ಹದಿನಾಲ್ಕು ರೇಷ್ಮೆ ರಜಾಯಿಗಳು ಬಾತ್ಮಾ ಅವರ ಮಗಳ ಮದುವೆಗೆಂದು ಹೊಲಿಸಿಟ್ಟವು. ನಮ್ಮ ಮನೆಯದೆಂದರೆ ರೊಟ್ಟಿ, ಚಹಾ, ಉಪ್ಪು. ನಿಮ್ಮವರು ಬಂದರು, ನೆಲದ ಮೇಲಿನ ಊಟದ ಹಾಸಿನ ಸುತ್ತ ಕೂತರು. "ಅಜ್ಜೀ, ಏನ್ ರುಚಿ ನಿಮ್ಮ ಕೈಯಲ್ಲಿ!" ಎಂದು ನಿಮ್ಮ ಇನ್‌ಸ್ಪೆಕ್ಟರ್ ಮೇಡಂ ಹೊಗಳಿದರು. "ತಿನ್ನು ಮಗಳೇ, ಒಣಗಿದ ಕಡ್ಡಿ ಆಗಿದೀಯ, ಆಫೀಸಲ್ಲಿ ಅನ್ನ ನೀರು ಕೊಡಲ್ವಾ?" ಎಂದು ಅಜ್ಜಿ ಇನ್ನೊಂದು ತುಂಡು ಹಾಕಿದಳು. ಊಟವಾಗಿ, ಅಂಗೈಗಳನ್ನು ಮುಖಕ್ಕೆ ಸವರಿ ಎಲ್ಲರೂ ಆಶೀರ್ವಾದ ಹೇಳಿದರು. ಉಳಿದ ಮಾಂಸವನ್ನು ಪದ್ಧತಿಯಂತೆ ಅಜ್ಜಿ ಮೂರು ಪೊಟ್ಟಣ ಕಟ್ಟಿ ಕೊಟ್ಟಳು. ಅದನ್ನೂ ತೆಗೆದುಕೊಂಡು ಹೋದರು. ನಿಮ್ಮ ವರದಿಯಲ್ಲಿ ಆ ಮಾಂಸ ಇನ್ನೂ ನಮ್ಮ ಮನೆಯಲ್ಲೇ ಇದೆ!

ಈಗ ನನ್ನ ಅನುಮಾನಕ್ಕೆ ಬರುತ್ತೇನೆ. ನಿಮ್ಮ ಇನ್‌ಸ್ಪೆಕ್ಟರ್ ಯಾವುದೋ ದೂರದೇಶದಿಂದ ಬಂದವರೇ? ಅವರಿಗೂ ಒಬ್ಬ ಕಿರ್ಗಿಜ್ ಅಜ್ಜಿ ಇಲ್ಲವೇ? ಅತಿಥಿಯ ಮುಂದೆ ಹರಡಿದ್ದರಲ್ಲಿ ಅರ್ಧ ಪಕ್ಕದ ಮನೆಯದೆಂದು ಈ ಕಣಿವೆಯಲ್ಲಿ ಮೂಗು ಸೋರುವ ಮಗುವಿಗೂ ಗೊತ್ತು. ಹಾಗಿದ್ದ ಮೇಲೆ ಒಂದು ದಿನ ಮುಂಚೆ ಫೋನ್ ಮಾಡುವುದೇಕೆ? ಮಧ್ಯಾಹ್ನದ ಹೊತ್ತನ್ನೇ ಆರಿಸಿಕೊಳ್ಳುವುದೇಕೆ? ನಾನು ಊರಲ್ಲಿ ವಿಚಾರಿಸಿದೆ. ಈ ಸಲ ನೀವು ನೋಡಿದ್ದು ಏಳು ಮನೆ. ಆರು ಮನೆಗೆ ಫೋನ್ ಹೋಗಿತ್ತು; ಆರೂ ಮನೆಯವರು ಈಗ ಕಾಗದದ ಮೇಲೆ ಶ್ರೀಮಂತರು. ಏಳನೆಯವರು ವಿಧವೆ ತುರ್ಸುನೈ. ಅವರ ಫೋನು ಕಾಲುವೆಗೆ ಬಿದ್ದಿತ್ತಂತೆ. ನಿಮ್ಮವರು ಹೋದಾಗ ಒಣರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು. ಅವರೊಬ್ಬರಿಗೇ ಭತ್ಯೆ ಮಂಜೂರು. ಇದು ಆಕಸ್ಮಿಕವೇ? ಇರಬಹುದು. ಪಟ್ಟಿಯಿಂದ ಇಷ್ಟು ಹೆಸರು ಇಳಿಸಿ ಎಂದು ನಿಮಗೂ ಮೇಲಿನಿಂದ ಫೋನು ಬಂದಿರಬಹುದೇ? ನನ್ನ ಬಳಿ ಪ್ರೂಫ್ ಇಲ್ಲ. ಆದರೆ ನಮ್ಮ ಸಂಕೋಚವನ್ನೇ ಜರಡಿ ಮಾಡಿಕೊಂಡರೆ ನಿಮ್ಮ ಕೆಲಸ ಬಹಳ ಹಗುರವಾಗುತ್ತದೆ ಎಂಬುದು ಫಸ್ಟ್ ಇಯರ್ ತಲೆಗೂ ಹೊಳೆಯುತ್ತದೆ.

ಮೇಲ್ಮನವಿ ಕೊಡಲು ನಿಮ್ಮ ಕಿಟಕಿಯ ಮುಂದೆ ನಿಂತೆ. "ಇಟ್ಟಿದ್ದೆಲ್ಲ ಎರವಲು ಅಂತ ನಿಮ್ಮಜ್ಜೀನೇ ಬರೆದು ಸೈನ್ ಹಾಕ್ಲಿ. ಯಾರ ಮನೆಯಿಂದ ಏನು ಬಂತು ಅಂತಾನೂ ಬೇಕು," ಎಂದರು ಒಳಗಿದ್ದವರು. ನಾನು ಅಜ್ಜಿಗೆ ಫಾರ್ಮ್ ಓದಿ ಹೇಳಿದೆ.

"ಅತಿಥಿ ಬಾಯಿಗಿಟ್ಟ ತುತ್ತು ನನ್ನದಲ್ಲ ಅಂತ ಕಾಗದದ ಮೇಲೆ ಬರೀಬೇಕಾ? ಸರ್ಕಾರದೋರು ನನ್ನ ಸಾಯಿಸಿ ಹೆಬ್ಬೆಟ್ಟು ಒತ್ತಿಸ್ಕೊಳ್ಲಿ."

"ಅಜ್ಜಿ, ಅಮ್ಮ ಹೋಗ್ಬಿಡ್ತಾಳೆ!"

ಅಮ್ಮನೇ ನಡುವೆ ಬಂದಳು. "ಸುಮ್ನಿರೇ. ಮುದುಕಿ ಹತ್ರ ಉಳಿದಿರೋದು ಅದೊಂದೇ, ಅದನ್ನೂ ಕಿತ್ಕೋಬೇಡ. ನಾನು ಹೋಗ್ತೀನಿ, ವರ್ಷ ಅನ್ನೋದು ಹಂಗೇ ಓಡಿಹೋಗುತ್ತೆ." ಅಪ್ಪನೂ ರಷ್ಯಾಕ್ಕೆ ಹೊರಟಾಗ ವರ್ಷ ಎಂದೇ ಹೇಳಿದ್ದ. ಅವನ ಫೋನು ಸ್ವಿಚ್ ಆಫ್ ಆಗಿ ಎರಡು ವರ್ಷವಾಯಿತು. ಅಮ್ಮ ಸೆಜಿಮ್‌ಳನ್ನು ಈಗಿನಿಂದಲೇ ಅಜ್ಜಿಯ ಪಕ್ಕ ಮಲಗಿಸಿ ಅಭ್ಯಾಸ ಮಾಡಿಸುತ್ತಿದ್ದಾಳೆ. ಮಗು ಎದ್ದು ತೆವಳಿಕೊಂಡು ವಾಪಸು ಬರುತ್ತದೆ. ಅಮ್ಮ ಮತ್ತೆ ಎತ್ತಿ ಅಲ್ಲಿಗೇ ಇಡುತ್ತಾಳೆ.

ಆದ್ದರಿಂದ ಅಜ್ಜಿ ಬರೆಯಲೊಲ್ಲದ್ದನ್ನು ಮೇಲೆ ನಾನು ಬರೆದಿದ್ದೇನೆ. ತೊಡೆ ಯಾರದು, ಜೇನು ಯಾರದು, ರಜಾಯಿ ಯಾರದು, ಎಲ್ಲ ಮನೆಗಳ ಗುರುತಿನೊಂದಿಗೆ. ಇದು ಪತ್ರಿಕೆಯಲ್ಲಿ ಅಚ್ಚಾದ ದಿನ ಊರಲ್ಲಿ ಯಾರಾದರೂ ಅವಳಿಗೆ ಓದಿ ಹೇಳುತ್ತಾರೆ. ಆಮೇಲೆ ಅವಳು ನನ್ನ ಮುಖ ನೋಡುತ್ತಾಳೋ ಇಲ್ಲವೋ ತಿಳಿಯದು. ನಿಮಗೆ ಸಹಿ ಬೇಕಿತ್ತಲ್ಲ, ನನ್ನದನ್ನೇ ಇಟ್ಟುಕೊಳ್ಳಿ.

ಇಪ್ಪತ್ತೊಂದರೊಳಗೆ ಆ ವರದಿಯನ್ನು ರದ್ದು ಮಾಡಿ. ಆರೂ ಮನೆಗಳನ್ನು ಹೊಸದಾಗಿ ನೋಡಿ, ಫೋನ್ ಮಾಡದೆ ಬನ್ನಿ. ಅಜ್ಜಿ ಒಳಗೆ ಕರೆದೇ ಕರೆಯುತ್ತಾಳೆ. ಪದ್ಧತಿಯಂತೆ ಬಾಗಿಲಲ್ಲೇ ಒಂದು ಚೂರು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರೆ ಅವಳ ಮರ್ಯಾದೆ ಉಳಿಯುತ್ತದೆ. ಇದು ನಿಮಗೂ ಗೊತ್ತು. ಆ ರೊಟ್ಟಿ ಮಾತ್ರ ನಮ್ಮದೇ. ಅದನ್ನು ಧಾರಾಳವಾಗಿ ವರದಿಯಲ್ಲಿ ಬರೆದುಕೊಳ್ಳಿ.

ಇಂತಿ,
ಅಜ್ಜಿಯ ಮಾನವನ್ನು ದಾಖಲೆಯಾಗಿ ಲಗತ್ತಿಸಿರುವ,
ಕನೀಶಾಯ್
ಪ್ರಥಮ ವರ್ಷ, ಹಾಸ್ಟೆಲ್ ನಿವಾಸಿ