ನುನ್ಸಿಯಮ್ಮ ಆರಿಸಿದ ಒಲೆ

ಬಿನ್ ಮಹಮೂದ್, ದೋಹಾ
೯ ಸೆಪ್ಟೆಂಬರ್ ೧೯೯೬

ಪ್ರೀತಿಯ ಅಕ್ಕನಿಗೆ,

ಹೇಮಳ ನಮಸ್ಕಾರ. ಕವರಿನ ಮೇಲೆ ನನ್ನ ಅಕ್ಷರ ನೋಡಿ ನಿನಗೆ ಆಶ್ಚರ್ಯವಾಗಿರಬೇಕು. ಅಮ್ಮ ಹೋದ ಸುದ್ದಿಯನ್ನು ವೈಕುಂಠ ಸಮಾರಾಧನೆಯೂ ಮುಗಿದ ಮೇಲೆ ಬರೆದು ತಿಳಿಸಿದೆಯಲ್ಲ, ಏಪ್ರಿಲ್‌ನಲ್ಲಿ, ಆ ಪತ್ರಕ್ಕೆ ಇದು ಉತ್ತರ. ಬರೆಯಲೇಬಾರದು ಅಂತ ಹಟ ಹಿಡಿದು ಕೂತಿದ್ದೆ. ಭಾವ ಫೋನ್ ಮಾಡಿದಾಗಲೂ ರಿಸೀವರನ್ನು ಇವರ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಪುರುಸೊತ್ತಾಗಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಕೋಪವಿತ್ತು, ಅದಕ್ಕೇ ತಡವಾಯಿತು. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಇಲ್ಲಿ ಸೆಪ್ಟೆಂಬರ್ ಬಂದರೂ ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರೇ. ಇವರು ಬೆಳಿಗ್ಗೆ ಪ್ಲಾಂಟಿಗೆ ಅಂತ ಮೆಸಯೀದಿನ ಬಸ್ಸು ಹತ್ತಿದರೆ ಸಂಜೆ ಬೆವರಿನ ಉಪ್ಪು ಹಿಡಿದ ಅಂಗಿಯಲ್ಲಿ ಇಳಿಯುತ್ತಾರೆ. ಈ ಸಲ ರಜೆಗೆ ಮೈಸೂರಿಗೆ ಬರಲಿಲ್ಲ ಅನ್ನುವುದು ನಿನಗೆ ಗೊತ್ತು. ಯಾಕೆ ಅನ್ನುವುದೂ ಗೊತ್ತು. ಆದರೆ ನಾವು ಇಟಲಿಗೆ ಹೋಗಿದ್ದೆವು ಅಂತ ಭಾವ ಹೇಳಿದರೋ ಇಲ್ಲವೋ.

ಇವರ ಪ್ಲಾಂಟಿಗೆ ಕಂಪ್ರೆಸರ್ ಕೂರಿಸಲು ಬಂದಿದ್ದ ವೀಟೋ ಅಂತ ಒಬ್ಬ ಇಟಲಿಯವನು, ಚಳಿಗಾಲವೆಲ್ಲಾ ನಮ್ಮ ಮನೆಯ ಬಿಸಿಬೇಳೆಬಾತು ತಿಂದುಕೊಂಡಿದ್ದ. ಆಗಸ್ಟಿನಲ್ಲಿ ನಮ್ಮೂರಿಗೆ ಬನ್ನಿ, ಅಮ್ಮನ ಮನೆಯ ಮಹಡಿ ಖಾಲಿಯಿದೆ ಅಂದ. ನಾನು ಬೇಡ ಅಂದೆ. ಇವರು ರೇಗಿದರು: “ಮೈಸೂರೂ ಬೇಡ, ಇಟಲೀನೂ ಬೇಡ. ಈ ಏಸಿ ರೂಮಲ್ಲಿ ಗೋಡೆ ನೋಡ್ತಾ ಕೂತ್ರೆ ಇಬ್ಬರಿಗೂ ಹುಚ್ಚು ಹಿಡಿಯತ್ತೆ, ಅಷ್ಟೇ.”

ಹೊರಟೆವು. ಮೊದಲು ರೋಮಿನಲ್ಲಿ ಎರಡು ದಿನ. ಅಲ್ಲಿ ಪ್ರವಾಸಿಗರಿಗೆ ಅಂತ ಮಾಡಿದ ಊಟ, ದೋಹಾದ ಹೋಟೆಲಿನ ಇಟಲಿ ಊಟದ ಹಾಗೇ ಸಪ್ಪೆ. ಚೀಸ್ ಸುರಿದ ರಬ್ಬರು. ಇದಕ್ಕಾಗಿಯೇ ಬಂದೆವಾ ಅಂತ ಇವರ ಮುಖ ನೋಡಿದೆ. ಆಮೇಲೆ ರೈಲಿನಲ್ಲಿ ದಕ್ಷಿಣಕ್ಕೆ, ಬಾರಿ ಅನ್ನುವ ಬಂದರಿನ ಹತ್ತಿರದ ಪುಟ್ಟ ಊರಿಗೆ. ಅಕ್ಕ, ಅಲ್ಲಿಂದ ಮುಂದೆ ಬೇರೆ ದೇಶವೇ!

ಸುಣ್ಣ ಬಳಿದ ಬಿಳಿ ಮನೆಗಳು, ಇಬ್ಬರು ಎದುರುಬದುರಾದರೆ ಭುಜ ತಾಗುವ ಓಣಿ. ಬೆಳಿಗ್ಗೆ ಹೆಂಗಸರೆಲ್ಲಾ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತುಬಿಡುತ್ತಾರೆ. ರವೆಗೆ ಬರೀ ನೀರು ಹಾಕಿ ನಾದಿ, ಹೊಸೆದು, ಚಾಕುವಿನಿಂದ ತುಂಡು ಎಳೆದು, ಹೆಬ್ಬೆರಳಿನ ಮೇಲೆ ಮಗುಚಿದರೆ ಪುಟ್ಟ ಕಿವಿಯ ಆಕಾರದ ಪಾಸ್ತಾ. ಮೊಟ್ಟೆಗಿಟ್ಟೆ ಏನೂ ಇಲ್ಲ. ಬಾಯಿ ಒಂದು ಕಡೆ, ಕೈ ಒಂದು ಕಡೆ. ಓಣಿಯ ಸುದ್ದಿಯೆಲ್ಲಾ ಅಲ್ಲೇ. ನಾನೂ ಕೂತೆ. ನನ್ನ ಮೊದಲ ದಿನದ ಕಿವಿಗಳನ್ನು ನೋಡಿ ವೀಟೋನ ತಾಯಿ ನುನ್ಸಿಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನುನ್ಸಿಯಾ ಅಂತ ಅವಳ ಹೆಸರು, ಅಮ್ಮ ಅನ್ನುವುದು ನಾನು ಸೇರಿಸಿದ್ದು.

ಅವರ ಅಡುಗೆ ಹೇಗೆ ಅಂತೀಯ! ಒಣಗಿದ ಅವರೆಯಂಥ ದಪ್ಪ ಕಾಳಿನ ಬೇಳೆಯನ್ನು ಮಣ್ಣಿನ ಮಡಕೆಯಲ್ಲಿ ಗಂಟೆಗಟ್ಟಲೆ ಬೇಯಿಸಿ, ಕಡೆದು, ಪಕ್ಕದಲ್ಲಿ ಕಹಿ ಸೊಪ್ಪು, ಮೇಲೆ ಹಸಿ ಎಣ್ಣೆ. ಒಗ್ಗರಣೆಯೇ ಇಲ್ಲದೆ ಅಷ್ಟು ರುಚಿ ಹೇಗೆ ಬರುತ್ತದೆ ಅನ್ನುವುದು ನನಗಿನ್ನೂ ಅರ್ಥವಾಗಿಲ್ಲ. ತಾರಾಲ್ಲಿ ಅಂತ ಒಂದು ತಿಂಡಿಯಿದೆ, ಸೋಂಪು ಹಾಕಿದ ಥೇಟ್ ಕೋಡುಬಳೆ. ಖಾರ ಮಾತ್ರ ಇಲ್ಲ. ಮಾಂಸ ಮೀನು ತಿನ್ನುವುದಿಲ್ಲ ಅಂದದ್ದಕ್ಕೆ ಯಾರೂ ಹುಬ್ಬೇರಿಸಲಿಲ್ಲ. “ಬಡವರ ಮನೇಲಿ ಹುಟ್ಟಿದ ನಾವೂ ಇದನ್ನೇ ತಿಂದು ಬೆಳೆದಿದ್ದು” ಅಂದಳಂತೆ ನುನ್ಸಿಯಮ್ಮ. ವೀಟೋ ಇಂಗ್ಲಿಷಿನಲ್ಲಿ ಹೇಳಿದ.

ಇಷ್ಟಾದರೂ ಇವರಿಗೆ ಅನ್ನ ಸಾರು ಕಾಣದಿದ್ದರೆ ಊಟ ಮಾಡಿದ ಹಾಗಾಗುವುದಿಲ್ಲ. ಯಾವ ದೇಶಕ್ಕೆ ಹೋದರೂ ಊರ ಊಟದ ಚಿಂತೆ ಬಿಡದು. ದೋಹಾದಿಂದ ಕುಕ್ಕರು, ಹುಣಸೆಹಣ್ಣು, ಸಾರಿನಪುಡಿ ಹೊತ್ತಿದ್ದೆ. ಸಂಜೆ ಮಹಡಿಯಲ್ಲಿ ನನ್ನ ಪುಟ್ಟ ಸಂಸಾರ.

ಒಂದು ದಿನ ನುನ್ಸಿಯಮ್ಮ ಬುಟ್ಟಿಯ ತುಂಬ ಊಟ ಕಟ್ಟುತ್ತಿದ್ದಳು. ಎದುರುಮನೆಯ ಮುದುಕ ತೀರಿಕೊಂಡಿದ್ದ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಓಣಿಯವರು ಸರದಿಯ ಮೇಲೆ ಊಟ ಒಯ್ಯಬೇಕು, ಕಾಫಿಯನ್ನೂ ಹೊರಗಿನಿಂದಲೇ ಕೊಡಬೇಕು ಅಂತ ವೀಟೋ ಹೇಳಿದ. ನಾನು ಖುಷಿಯಿಂದ, “ನಮ್ಮಲ್ಲೂ ಹಾಗೇ!” ಅಂದುಬಿಟ್ಟೆ. ಅಂದವಳೇ ಅಮ್ಮ ಹೋದದ್ದನ್ನೂ ಹೇಳಿದೆ. ಯಾರ ಹತ್ತಿರವೂ ಹೇಳಿರಲಿಲ್ಲ, ದೋಹಾದಲ್ಲಿ ನಮ್ಮ ಕೆಳಗಿನ ಮನೆಯ ಗೆಳತಿ ಎಡ್ನಾಗೂ ಸಹ.

“ನಿನಗೆ ಊಟ ತಂದವರು ಯಾರು?” ನುನ್ಸಿಯಮ್ಮ ಕೇಳಿದಳು.

ಯಾರೂ ಇಲ್ಲ, ನನಗೆ ಗೊತ್ತಾಗುವ ಹೊತ್ತಿಗೆ ಎಲ್ಲಾ ಮುಗಿದಿತ್ತು, ತಲೆಗೆ ನೀರು ಹಾಕಿಕೊಂಡು ಇವರ ಡಬ್ಬಿಗೆ ಚಿತ್ರಾನ್ನ ಕಲಸಿದೆ ಅಂದೆ.

ಅವಳು ಬುಟ್ಟಿ ಎತ್ತಿಕೊಂಡು ಎದುರುಮನೆಗೆ ಹೋದಳು. ಸಂಜೆ ನಾನು ಕುಕ್ಕರು ಇಟ್ಟಿದ್ದೆ. ಏದುಸಿರು ಬಿಡುತ್ತಾ ಮಹಡಿ ಹತ್ತಿ ಬಂದಳು, ಹಿಂದೆಯೇ ವೀಟೋ. ನೇರ ಹೋಗಿ ಒಲೆ ಆರಿಸಿದಳು. ನನ್ನ ಕೈಯಲ್ಲಿದ್ದ ಸೌಟು ಕಿತ್ತುಕೊಂಡು ಏನೋ ಗಟ್ಟಿಯಾಗಿ ಹೇಳಿದಳು. ವೀಟೋ ನಾಚಿಕೊಂಡೇ ಹೇಳಿದ, “ನಿಮ್ಮ ಶೋಕದ ದಿನಗಳು ಇನ್ನೂ ಆಗಿಲ್ಲವಂತೆ. ಮೂರು ದಿನ ನೀವು ಒಲೆ ಮುಟ್ಟಬಾರದಂತೆ.”

ಮದುವೆಯಾದ ಮಗಳಿಗೆ ಸೂತಕ ಮೂರು ದಿನ ಅಂತ ಅವಳಿಗೆ ಯಾರು ಹೇಳಿದ್ದರು ಅಕ್ಕ?

ಮೂರು ದಿನವೂ ಆ ಓಣಿಯವರು ಊಟ ತಂದರು. ಹೆಸರೂ ಗೊತ್ತಿಲ್ಲದ ಹೆಂಗಸರು ಬಟ್ಟೆ ಮುಚ್ಚಿದ ಪಾತ್ರೆ ಇಟ್ಟು, ನನ್ನ ಪಕ್ಕದಲ್ಲಿ ಕೂತರು. ಅಮ್ಮನ ಹೆಸರು ಕೇಳಿದರು. ಜಯಲಕ್ಷ್ಮಿ ಅನ್ನಲು ಬಾರದೆ ಜಯಾ, ಜಯಾ ಅಂದರು. ಯಾವ ಅಡುಗೆ ಚೆನ್ನಾಗಿ ಮಾಡುತ್ತಿದ್ದಳು ಅಂತ ಒಬ್ಬಳು ಕೇಳಿದಾಗ ನನಗೆ ತಡೆಯಲಾಗಲಿಲ್ಲ. ಏಪ್ರಿಲ್‌ನಿಂದ ಬಾರದಿದ್ದ ಅಳು ಅಲ್ಲಿ, ಭಾಷೆ ಬಾರದವರ ಮಡಿಲಲ್ಲಿ ಬಂತು. ಇವರು ಮೂರೂ ದಿನ ಅನ್ನ ಅನ್ನಲಿಲ್ಲ. ಕೊಟ್ಟದ್ದನ್ನು ಉಂಡು ತಟ್ಟೆ ತೊಳೆದಿಟ್ಟರು.

ಎಂಥ ಜನ ಅಕ್ಕ! ಸಮುದ್ರ, ಚರ್ಚು, ಕೋಟೆ ಎಲ್ಲಾ ನೋಡಿದೆವು, ಫೋಟೋ ಕಳಿಸುತ್ತೇನೆ. ಆದರೆ ನಾನು ನೋಡಿದ ಇಟಲಿ ಆ ಓಣಿಯೇ.

ಡಿಸೆಂಬರಿನಲ್ಲಿ ಬರುತ್ತೇವೆ. ಟಿಕೆಟ್ಟಿಗೆ ಇವರು ಹೇಳಿದ್ದಾರೆ. ಭಾವನಿಗೆ ನಮಸ್ಕಾರ. ಸ್ಪಂದನಾಗೆ ಚಿಕ್ಕಮ್ಮನ ಮುದ್ದು, ಚೆನ್ನಾಗಿ ಓದಲಿ, ನೂರು ವರ್ಷ ಸುಖವಾಗಿರಲಿ. ನೀನು ಬಿಪಿ ಮಾತ್ರೆ ತಪ್ಪಿಸಬೇಡ.

ನಿನ್ನ ತಂಗಿ
ಹೇಮಲತಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಯುಗಾದಿಯ ಬೆಳಿಗ್ಗೆ ನಾನು ಫೋನ್ ಮಾಡಿದ್ದೆನಲ್ಲ. ಹಿಂದಿನ ಸಂಜೆಯೇ ಅಮ್ಮ ಹೋಗಿದ್ದಳು ಅಂತ ನಿನ್ನ ಪತ್ರದಿಂದ ತಿಳಿಯಿತು. ಅಮ್ಮನಿಗೆ ಕೊಡು ಅಂತ ನಾನು ಕೇಳಿದೆ. “ಸ್ನಾನಕ್ಕೆ ಹೋಗಿದ್ದಾಳೆ ಕಣೇ” ಅಂದೆ ನೀನು. ಒಬ್ಬಟ್ಟು ಈ ಸಲ ಅಮ್ಮ ಮಾಡಿದ ಹಾಗೇ ಮೆತ್ತಗೆ ಬಂದಿದೆ, ಅವಳಿಗೆ ಹೇಳು ಅಂತ ನಾನು ನಕ್ಕೆ. “ಹೇಳ್ತೀನಿ” ಅಂದೆ ನೀನು. ಎಂಥ ಕಲ್ಲೆದೆ ಇವಳದು ಅಂತ ಇಷ್ಟು ತಿಂಗಳು ನಿನ್ನನ್ನು ಬೈದುಕೊಂಡೆ. ದೂರದಲ್ಲಿರುವವಳಿಗೆ ಹಬ್ಬದ ದಿನ ಹೇಳಬೇಡ ಅಂತ ದೊಡ್ಡವರು ತಡೆದರು ಅಂತ ಬರೆದಿದ್ದೀಯ, ಇರಬಹುದು. ನನಗೆ ಈಗ ಬೇಕಾಗಿರುವುದು ಅದಲ್ಲ. ಆ ಫೋನ್ ಇಟ್ಟ ಮೇಲೆ ನಿನ್ನ ಪಕ್ಕದಲ್ಲಿ ಯಾರಾದರೂ ಇದ್ದರಾ ಅಕ್ಕ?