ಮುಂದಿನ ಸೂಚನೆಯವರೆಗೆ ಐದನೇ ಮಹಡಿಯಲ್ಲಿ

ವಸತಿ ಕಟ್ಟಡಗಳ ನಿರ್ವಹಣಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಕಟ್ಟಡದ ಲಿಫ್ಟನ್ನು ತಾವು ನಿಲ್ಲಿಸಿದ್ದೀರಿ, ಐದನೇ ಮಹಡಿಯ ನನ್ನ ಮನೆಯಲ್ಲಿ ನನ್ನ ಅಕ್ಕ ಸಿಕ್ಕಿಕೊಂಡಿದ್ದಾಳೆ. ಇದನ್ನು ಹೇಳಲು ನನಗೆ ಒಂದು ವಾಕ್ಯ ಸಾಕಾಯಿತು. ಲಿಫ್ಟ್ ಯಾವಾಗ ಸರಿಹೋಗುತ್ತದೆ ಎಂಬುದನ್ನು ಹೇಳದೆ ಉಳಿಯಲು ತಮ್ಮ ಕಚೇರಿಗೆ ನೋಟೀಸಿನ ಮೇಲೆ ನೋಟೀಸು ಬೇಕಾಯಿತು, ಅದೂ ಇಂಗ್ಲಿಷಿನಲ್ಲಿ. ಕಟ್ಟಡದಲ್ಲಿ ಅರ್ಧಕ್ಕರ್ಧ ಜನರಿಗೆ ಇಂಗ್ಲಿಷ್ ಬಾರದು ಎಂಬುದು ತಮಗೆ ತಿಳಿದಿಲ್ಲವೋ, ತಿಳಿದೇ ಹಾಗೆ ಬರೆಸಿದ್ದೀರೋ?

ದುರದೃಷ್ಟವಶಾತ್ ನನಗೆ ಬರುತ್ತದೆ. ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದೇ ನನ್ನ ಕೆಲಸ. ನಮ್ಮ ಮಾತಿನಲ್ಲಿ ಕಾಲವು ಪದದ ಬಾಲಕ್ಕೆ ಅಂಟಿಕೊಂಡು ಬರುತ್ತದೆ: ಸೋಮವಾರದಿಂದ, ಸೋಮವಾರದೊಳಗೆ, ಸೋಮವಾರದವರೆಗೆ. ಇಂಗ್ಲಿಷಿನಲ್ಲಾದರೆ ಒಂದು ಪುಟ್ಟ ಪದ ಮುಂದೆ ನಿಂತು ಬಾಗಿಲು ತೆರೆಯಬೇಕು. ಬಾಯಲ್ಲಿ ಹೇಳಿದರೆ ಮಕ್ಕಳ ತಲೆಗೆ ಹತ್ತುವುದಿಲ್ಲವೆಂದು ನಾನು ಕೈಯಲ್ಲೇ ಮಾಡಿ ತೋರಿಸುತ್ತೇನೆ. ಗಂಟೆಗೆ ‘ಆ್ಯಟ್’: ಮೇಜಿನ ಮೇಲೆ ಬೆರಳ ತುದಿ. ದಿನಕ್ಕೆ ‘ಆನ್’: ಇಡೀ ಅಂಗೈ ಊರಬೇಕು. ತಿಂಗಳಿಗೆ, ವರ್ಷಕ್ಕೆ ‘ಇನ್’: ಬೊಗಸೆ ಮಾಡಿ ಒಳಗೆ ಇಣುಕಬೇಕು. ‘ಅಂಟಿಲ್’ ಎಂದರೆ ಹಗ್ಗ ಎಳೆದು ಹಿಡಿಯುವುದು, ಆದರೆ ಹಗ್ಗದ ಆ ತುದಿಯನ್ನೂ ಯಾರಾದರೂ ಹಿಡಿದಿರಬೇಕು. ಸೋಮವಾರವೋ, ಊಟದ ಗಂಟೆಯೋ, ಏನಾದರೂ ಒಂದು. ಹಲ್ಲು ಬೀಳುವ ವಯಸ್ಸಿನ ಮಕ್ಕಳೂ ಇದನ್ನು ಕಲಿತಿದ್ದಾರೆ. ತಮ್ಮ ಕಚೇರಿಯ ನೋಟೀಸು ಬರೆಯುವವರನ್ನು ಒಮ್ಮೆ ನನ್ನ ತರಗತಿಗೆ ಕಳುಹಿಸಿ, ಹಿಂದಿನ ಬೆಂಚು ಖಾಲಿಯಿದೆ.

ಮೊದಲ ನೋಟೀಸು ಹೀಗಿತ್ತು: ಲಿಫ್ಟ್ ‘ಅಂಟಿಲ್ ಫರ್ದರ್ ನೋಟೀಸ್’ ಬಂದ್. ಅಂದರೆ ಇನ್ನೊಂದು ನೋಟೀಸು ಬರುವ ತನಕ. ಹಗ್ಗದ ಆ ತುದಿಯನ್ನು ಹಿಡಿದು ನಿಂತದ್ದು ದಿನವಲ್ಲ, ಇನ್ನೊಂದು ಕಾಗದ! ಆ ಕಾಗದವೂ ಬಂತು, ಹಳೆಯದರ ಮೇಲೆಯೇ ಅಂಟಿಸಿದಿರಿ: ದುರಸ್ತಿಯನ್ನು ‘ಇನ್ ಡ್ಯೂ ಕೋರ್ಸ್’ ಕೈಗೆತ್ತಿಕೊಳ್ಳಲಾಗುವುದು. ಯಥಾಕಾಲದಲ್ಲಿ. ಈ ಯಥಾಕಾಲ ಯಾವ ತಿಂಗಳಲ್ಲಿ ಬರುತ್ತದೆ, ಮಾನ್ಯರೇ? ನಾನು ಬೊಗಸೆ ಮಾಡಿ ಇಣುಕಿದೆ, ಒಳಗೆ ಏನೂ ಇರಲಿಲ್ಲ. ಆಮೇಲಿನದು: ಲಿಫ್ಟಿನಿಂದ ಬಿಚ್ಚಿದ ಬಾಗಿಲುಗಳನ್ನೂ ಕಬ್ಬಿಣದ ಕಂಬಿಗಳನ್ನೂ ‘ಫಾರ್ ದ ಟೈಮ್ ಬೀಯಿಂಗ್’ ಮೂರನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಇಡಲಾಗಿದೆ, ಮುಟ್ಟಿದವರಿಗೆ ದಂಡ. ಸದ್ಯಕ್ಕೆ ಇಟ್ಟ ಆ ಕಬ್ಬಿಣ ಈಗ ತುಕ್ಕು ಹಿಡಿದಿದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ಎನ್ನುತ್ತಾರಲ್ಲ, ತಮ್ಮವರು ಗೋಡೆಯನ್ನಷ್ಟೇ ಕಟ್ಟಿ ದೀಪವನ್ನು ಮನೆಗೆ ಒಯ್ದಿದ್ದಾರೆ.

ಇನ್ನು ಅಕ್ಕನ ವಿಷಯ. ಅಕ್ಕ ಬಟ್ಟೆ ಹೊಲಿಯುವವಳು. ನಮ್ಮ ಕಟ್ಟಡದ ಎದುರಿಗೇ ಅವಳ ಅಂಗಡಿ, ಅಂಗಡಿಯ ಹಿಂದಿನ ಕೋಣೆಯೇ ಅವಳ ಮನೆ. ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಒಳಗೆ ಕಬ್ಬಿಣ ಕೂರಿಸಿದ ಡಾಕ್ಟರು, “ಮೆಟ್ಟಿಲ ಸಹವಾಸ ಬೇಡ, ಇಳಿಯೋದಂತೂ ಬೇಡವೇ ಬೇಡ” ಎಂದರು. ಒಬ್ಬಳೇ ಹೇಗಿರುತ್ತಾಳೆ, ನಮ್ಮಲ್ಲಿ ಲಿಫ್ಟ್ ಇದೆಯಲ್ಲ ಎಂದು ಜಂಬದಿಂದ ಕರೆದುಕೊಂಡು ಬಂದೆ. ಅವಳನ್ನು ಮೇಲೆ ತಂದ ವಾರದಲ್ಲೇ ಅದು ನಿಂತಿತು.

“ಏನಂತೆ ಕಣೇ ನೋಟೀಸು?” ಎಂದು ಕೇಳಿದಳು.

“ಮುಂದಿನ ನೋಟೀಸ್ ಬರೋ ತನಕ ಬಂದ್ ಅಂತೆ.”

“ಅಂದ್ರೆ ಎಷ್ಟು ದಿನ?”

“ನಾಲ್ಕು ದಿನ ಇರಬಹುದು ಬಿಡಕ್ಕ.”

ಆ ನಾಲ್ಕು ದಿನ ನೋಟೀಸಿನಲ್ಲಿ ಇರಲಿಲ್ಲ. ಸರ್ಕಾರಿ ಕಚೇರಿಗೂ ಮಾನ ಮರ್ಯಾದೆ ಇರುತ್ತದೆಂದು ನಂಬಿ ತಮ್ಮ ಪರವಾಗಿ ನಾನೇ ಸೇರಿಸಿದ್ದು. ಅಂದಿನಿಂದ ಅಕ್ಕ ಬೆಳಿಗ್ಗೆ ಎದ್ದು, ಕೋಲು ಊರಿಕೊಂಡು ಬಂದು, ಹೊರಗೆ ಹಾಕುವ ಚಪ್ಪಲಿಯನ್ನು ಮೆಟ್ಟಿ ಬಾಗಿಲ ಬಳಿ ಕುರ್ಚಿಯಲ್ಲಿ ಕೂರತೊಡಗಿದಳು. ಮನೆಯೊಳಗೆ ಚಪ್ಪಲಿ ಯಾಕೆ ಎಂದರೆ, “ಲಿಫ್ಟ್ ಬಂದಾಗ ಚಪ್ಪಲಿ ಹುಡುಕ್ತಾ ಕೂರೋಕಾಗತ್ತಾ?” ಎನ್ನುತ್ತಿದ್ದಳು.

ಸುಮ್ಮನೆ ಕೈ ಕಟ್ಟಿ ಕೂರುವುದು ಅವಳ ಜಾಯಮಾನವಲ್ಲ. ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿಯನ್ನು ಇಳಿಬಿಟ್ಟು ಬಟ್ಟೆ ತರಿಸಿಕೊಂಡಳು. ಅಳತೆ? ಗಿರಾಕಿಗಳನ್ನು ಬೀದಿಯಲ್ಲಿ ನಿಲ್ಲಿಸಿ ಮೇಲಿನಿಂದಲೇ ಕಣ್ಣಳತೆ ಹಿಡಿದಳು. “ಸ್ವಲ್ಪ ಆ ಕಡೆ ತಿರುಗಮ್ಮಾ! ಉಸಿರು ಬಿಗಿ ಹಿಡೀಬೇಡ, ಹೊಟ್ಟೆ ಇಲ್ಲಿಗೂ ಕಾಣತ್ತೆ!” ಎಂದು ಅವಳು ಕೂಗುವುದು ಬೀದಿಗೆಲ್ಲ ಕೇಳಿಸುತ್ತಿತ್ತು. ಆದರೆ ಐದನೇ ಮಹಡಿಯಿಂದ ನೋಡಿದರೆ ಮನುಷ್ಯರಿಗೆ ಇರುವುದು ತಲೆ ಮತ್ತು ಹೆಗಲು ಮಾತ್ರ; ಉದ್ದ ಎಂಬುದೇ ಇಲ್ಲ. ಹೊಲಿದ ಅಂಗಿಗಳು ಹೆಗಲಲ್ಲಿ ಜೋತುಬಿದ್ದು ಸೊಂಟಕ್ಕೆ ಬಾರದೆ ನಿಂತವು. ಬೇಕರಿಯವನು ಹೊಸ ಅಂಗಿ ತೊಟ್ಟು ಬೀದಿ ಮಧ್ಯೆ ನಿಂತು, “ಅಕ್ಕಾ, ಹೊಕ್ಕಳಿಗೆ ಗಾಳಿ ಹೊಡೀತಿದೆ!” ಎಂದ. ಎಲ್ಲರೂ ನಕ್ಕರು. ಅಕ್ಕನೂ ಎಲ್ಲರಿಗಿಂತ ಜೋರಾಗಿ ನಕ್ಕಳು. ಆಮೇಲೆ ಒಳಗೆ ಬಂದು ಅಳತೆಯ ಟೇಪನ್ನು ಸುತ್ತಿ ಡಬ್ಬಿಗೆ ಹಾಕಿದವಳು ಮತ್ತೆ ಅದನ್ನು ತೆಗೆಯಲಿಲ್ಲ. ಬಾಲ್ಕನಿಯಲ್ಲಿ ಕುಳಿತು ಎದುರಿನ ತನ್ನ ಅಂಗಡಿಯ ಮುಚ್ಚಿದ ಬಾಗಿಲನ್ನು ನೋಡುವುದೇ ಕೆಲಸವಾಯಿತು. ತಾವು ಎಂದಾದರೂ ತಮ್ಮದೇ ಮನೆಯ ಬಾಗಿಲನ್ನು ಹಾಗೆ ಮೇಲಿನಿಂದ ನೋಡುತ್ತಾ ಕುಳಿತಿದ್ದೀರಾ?

ನಾನು ತಮ್ಮ ಕಚೇರಿಗೆ ಫೋನು ಮಾಡಿದೆ. “ಬರೆದಿದೆಯಲ್ಲ ಮೇಡಂ, ಇನ್ ಡ್ಯೂ ಕೋರ್ಸ್ ಅಂತ” ಎಂದರು ಗುಮಾಸ್ತರು.

“ಅಂದ್ರೆ ಯಾವಾಗ?”

“ಇನ್ ಡ್ಯೂ ಕೋರ್ಸೇ ಮೇಡಂ.”

ಹೀಗಿರುವಾಗ ಕೊನೆಯ ನೋಟೀಸು ಬಂತು. ಅದರಲ್ಲಿ ನಿಜವಾಗಿಯೂ ಒಂದು ದಿನವಿತ್ತು! ಮೆಟ್ಟಿಲು ಇಳಿಯಲಾಗದವರನ್ನು ಸ್ಟ್ರೆಚರಿನಲ್ಲಿ ಹೊತ್ತು ಇಳಿಸಲು ಆಳುಗಳನ್ನು ಕಳುಹಿಸುತ್ತೀರಂತೆ. ಅಂಥವರು ‘ಆನ್ ಆರ್ ಬಿಫೋರ್ ಫ್ರೈಡೇ’, ಅಂದರೆ ಶುಕ್ರವಾರ ಅಥವಾ ಅದಕ್ಕೆ ಮೊದಲು, ಕಚೇರಿಗೆ ಬಂದು ಹೆಸರು ಬರೆಸಬೇಕಂತೆ. ಖುದ್ದಾಗಿ. ಎರಡೆರಡು ಸಲ ಓದಿದೆ. ಇಳಿಸಿಕೊಳ್ಳಬೇಕಾದರೆ ಮೊದಲು ಇಳಿದು ಬರಬೇಕು. ನೋಟೀಸು ಅಂಟಿಸಿದ್ದು ಗುರುವಾರ. ಮೂಗಿಗೆ ತುಪ್ಪ ಸವರುವುದರಲ್ಲೂ ಒಂದು ಲೆಕ್ಕಾಚಾರ ಬೇಕು, ಮಾನ್ಯರೇ. ತಮ್ಮವರು ಮೂಗನ್ನೇ ಹಿಡಿದು ಮುಚ್ಚಿದರು.

ಆದರೂ ಅಂಗೈ ಊರಲು ಒಂದು ದಿನ ಸಿಕ್ಕಿತ್ತು. ಅಕ್ಕನ ಮುಖ ಬೆಳಗಿತು. “ಹೋಗೇಬಿಡೋಣ ಕಣೇ” ಎಂದಳು. ಶುಕ್ರವಾರ ಬೆಳಿಗ್ಗೆ ತಲೆ ಬಾಚಿ, ಒಳ್ಳೆಯ ಬಟ್ಟೆ ಉಟ್ಟು, ಚಪ್ಪಲಿ ಮೆಟ್ಟಿ ಕುಳಿತಳು. ಕಟ್ಟಡದ ಕಾವಲುಗಾರ ಮತ್ತು ಬೇಕರಿಯವನು ಕುರ್ಚಿಸಮೇತ ಅವಳನ್ನು ಎತ್ತಿದರು, ನಾನು ಅವಳ ಕಾಲಿಗೆ ಆಸರೆಯಾಗಿ ಮುಂದೆ ಮುಂದೆ ಇಳಿದೆ. ಮೂರನೇ ಮಹಡಿಯ ತಿರುವಿನವರೆಗೆ ಎಲ್ಲವೂ ಸಲೀಸಾಗಿತ್ತು. ಅಲ್ಲಿ ತಮ್ಮ ‘ಸದ್ಯಕ್ಕೆ’ ಅಡ್ಡ ನಿಂತಿತ್ತು. ಕುರ್ಚಿ ತಿರುಗಲಿಲ್ಲ. ವಾಲಿಸಿ ನೋಡಿದರು, ಅಕ್ಕ ನೋವಿನಿಂದ ಕಿರುಚಿದಳು. ಕೆಳಗೆ ಹೋಗುವಂತಿಲ್ಲ, ಕುರ್ಚಿಯನ್ನು ಇಳಿಸಲು ಸಮ ಜಾಗವಿಲ್ಲ, ಹೊತ್ತವರ ಕೈ ಸೋಲುತ್ತಿದೆ. ತ್ರಿಶಂಕು ಸ್ಥಿತಿ ಎಂದು ಮಾತಿಗೆ ಅನ್ನುತ್ತೇವೆ. ನನ್ನ ಅಕ್ಕ ಅದರಲ್ಲಿ ಕುಳಿತಿದ್ದಳು. “ಬೇಡ ಕಣ್ರಪ್ಪಾ, ಮೇಲಕ್ಕೇ ಒಯ್ದುಬಿಡಿ. ನನಗೆ ಎಲ್ಲಿಗೂ ಹೋಗೋದು ಬೇಡ” ಎಂದು ಅತ್ತಳು. ಅಪ್ಪ ಹೋದಾಗಲೂ ನನ್ನ ಮುಂದೆ ಅತ್ತವಳಲ್ಲ. ನನಗೆ ಆ ಕಬ್ಬಿಣವನ್ನೆಲ್ಲ ತಮ್ಮ ಮೇಜಿನ ಮೇಲೆ ತಂದು ಸುರಿಯಬೇಕೆನಿಸಿತು.

ಅವಳನ್ನು ಮಲಗಿಸಿ ಕಚೇರಿಗೆ ಓಡಿದೆ.

“ಖುದ್ದಾಗಿ ಬರಬೇಕು ಅಂತ ಇದೆಯಲ್ಲ ಮೇಡಂ” ಎಂದರು ಅದೇ ಗುಮಾಸ್ತರು.

“ಬರೋಕಾಗಲ್ಲ ಅಂತಲೇ ಅಲ್ವಾ ಸ್ವಾಮಿ ಹೆಸರು ಬರೆಸೋದು?”

“ಬರೋಕಾಗಲ್ಲ ಅನ್ನೋದನ್ನ ಅವರೇ ಬಂದು ಹೇಳಬೇಕು.” ಹೇಳಿದ ಮೇಲೆ ಅವರಿಗೇ ನಾಚಿಕೆಯಾಯಿತೋ ಏನೋ, ಒಂದು ಲೋಟ ನೀರು ಕೊಟ್ಟರು. “ನಾನೇನ್ ಮಾಡ್ಲಿ ಮೇಡಂ, ಎಲ್ಲಾ ಮೇಲಿಂದ ಬರೋದು.”

ಮೇಲಿನಿಂದ ನೋಟೀಸು ಮಾತ್ರ ಬರುತ್ತದೆ, ಮನುಷ್ಯರಿಗೆ ಬರಲಾಗುತ್ತಿಲ್ಲ ಎಂಬುದೇ ನನ್ನ ದೂರು. ಅವರಿಗೆ ಅದನ್ನು ಹೇಳಿ ಪ್ರಯೋಜನವಿರಲಿಲ್ಲ, ಹಾಗಾಗಿ ತಮಗೆ ಹೇಳುತ್ತಿದ್ದೇನೆ.

ಭಾನುವಾರ ನಾನು ತರಕಾರಿ ತಂದು ಮನೆಯೊಳಗೆ ಕಾಲಿಡುವಾಗ ಅಕ್ಕ ಬಾಲ್ಕನಿಯಲ್ಲಿ ಬುಟ್ಟಿ ಇಳಿಸುತ್ತಿದ್ದಳು. ಬುಟ್ಟಿಯಲ್ಲಿ ಅವಳ ಚಪ್ಪಲಿ. ಕೆಳಗೆ ಮೆಟ್ಟಿಲು ಗುಡಿಸುವಾಕೆ ನಿಂತಿದ್ದಳು. “ನಿನ್ನ ಕಾಲಿಗೆ ಆಗತ್ತೆ ನೋಡಮ್ಮಾ!” ಎಂದು ಅಕ್ಕ ಕೂಗಿದಳು.

“ಅಕ್ಕಾ, ಏನಿದು? ನಾಳೆ ಬೇಕಾಗತ್ತಲ್ಲ” ಎಂದೆ.

“ನಾಳೆ ಅಂದ್ರೆ ಯಾವಾಗ ಕಣೇ?” ಎಂದು ಕೇಳಿದಳು. ವ್ಯಂಗ್ಯವಾಗಿ ಅಲ್ಲ, ತಿಳಿದವಳು ತಂಗಿ, ಹೇಳಿಯಾಳು ಎಂಬಂತೆ.

ಮಾನ್ಯರೇ, ನನಗೆ ಸಿಟ್ಟು ಬಂದಿದೆ, ಅದು ತಮಗೆ ಈಗಾಗಲೇ ತಿಳಿದಿರಬೇಕು. ಆದರೆ ಸಿಟ್ಟಿಗಿಂತ ಹೆಚ್ಚು ಭಯವಾಗಿದೆ. ಲಿಫ್ಟ್ ಒಂದಲ್ಲ ಒಂದು ದಿನ ಸರಿಹೋದೀತು. ಅಷ್ಟರಲ್ಲಿ ಇಳಿಯುವ ಆಸೆಯೇ ಇಲ್ಲದ ಅಕ್ಕನನ್ನು ಯಾವ ಲಿಫ್ಟ್ ತಾನೇ ಇಳಿಸುತ್ತದೆ? ಆದ್ದರಿಂದ ನನ್ನ ಬೇಡಿಕೆ ಕೇಳಿ. ಮೂರನೇ ಮಹಡಿಯ ಕಬ್ಬಿಣವನ್ನು ತೆಗೆಸಿ, ಹೊರುವ ಆಳುಗಳನ್ನು ಕಳುಹಿಸಿ, ಯಾವ ದಿನ ಕಳುಹಿಸುತ್ತೀರೆಂದು ತಿಳಿಸಿ. ‘ಇನ್’ ಬೇಡ, ‘ಅಂಟಿಲ್’ ಬೇಡ. ಒಂದೇ ಒಂದು ‘ಆನ್’, ಅದರ ಮುಂದೆ ಒಂದು ತಾರೀಖು. ಇಂಗ್ಲಿಷಿನಲ್ಲಾದರೂ ಬರೆಯಿರಿ, ನಾನು ಓದಿ ಹೇಳುತ್ತೇನೆ.

ಅಂದ ಹಾಗೆ, ಚಪ್ಪಲಿ ನನ್ನ ಬಳಿ ಇದೆ. ಗುಡಿಸುವಾಕೆ ಸೋಮವಾರ ಐದೂ ಮಹಡಿ ಹತ್ತಿ ಬಂದು, ಅಕ್ಕನಿಗೆ ಕಾಣದಂತೆ ನನ್ನ ಕೈಗಿಟ್ಟಳು. “ಇಟ್ಕೊಂಡಿರಿ ಟೀಚರ್, ಒಂದಿನ ಕೇಳ್ತಾರೆ” ಎಂದಳು. ಮಕ್ಕಳ ಪುಸ್ತಕಗಳ ಜೊತೆ ನನ್ನ ಶಾಲೆಯ ಚೀಲದಲ್ಲಿ ಬಚ್ಚಿಟ್ಟುಕೊಂಡು ದಿನವೂ ಹೊತ್ತು ಇಳಿಯುತ್ತೇನೆ, ಹೊತ್ತು ಹತ್ತುತ್ತೇನೆ. ಆ ಒಂದು ದಿನ ಯಾವುದೆಂದು ತಾವು ತಿಳಿಸಿದರೆ, ಹಿಂದಿನ ರಾತ್ರಿಯೇ ತೆಗೆದು ಬಾಗಿಲ ಬಳಿ ಇಡುತ್ತೇನೆ.

ಇಂತಿ,
ಮುಂದಿನ ಸೂಚನೆಯವರೆಗೆ ಮಾತ್ರ ತಮ್ಮ ವಿಧೇಯಳಾದ
ಐದನೇ ಮಹಡಿಯ ಟೀಚರ್